ಬಾಗಿಲು ಮುಚ್ಚದೆ ಪಟ್ಟಿ ಬದಲಿಸುವುದು



ವಡಪಳನಿಯ ಆರ್ಕಾಟ್ ರಸ್ತೆಯಲ್ಲಿ ನೀವು ಭಾನುವಾರ ಸಿನಿಮಾ ನೋಡಲು ಹೋಗುವ ವಿಜಯಾ ಮಾಲ್ ಇದೆಯಲ್ಲ, ಆ ನೆಲ ಒಂದು ಕಾಲಕ್ಕೆ ವಿಜಯಾ-ವಾಹಿನಿ ಸ್ಟುಡಿಯೋಗೆ ಸೇರಿದ್ದು. ಸ್ವಲ್ಪ ದೂರದಲ್ಲೇ ಎವಿಎಂ. ಕನ್ನಡ ಚಿತ್ರರಂಗ ಬೆಂಗಳೂರಿನಲ್ಲಿ ಬೇರೂರುವ ಮೊದಲು ಎಷ್ಟೋ ಕನ್ನಡ ಚಿತ್ರಗಳು ತಯಾರಾದದ್ದು ಈ ಮದರಾಸಿನಲ್ಲೇ. ನಿಮ್ಮಲ್ಲಿ ಕೆಲವರ ತಂದೆಯೋ ತಾತನೋ ಈ ಊರಿಗೆ ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಆ ಕಾರಣಕ್ಕೇ. ಆ ಕಾಲದ ಹಿರಿಯರನ್ನು ಮಾತಿಗೆಳೆದರೆ ಸ್ಟುಡಿಯೋ ಗೇಟಿನ ಪ್ರಸ್ತಾಪ ಬಂದೇ ಬರುತ್ತದೆ. ಗೇಟಿನಲ್ಲಿ ಕೂತವನ ಕೈಯಲ್ಲಿ ಒಂದು ಪಟ್ಟಿ. ಅದರಲ್ಲಿ ಹೆಸರಿದ್ದವರು ಒಳಕ್ಕೆ, ಇಲ್ಲದವರು ಬಿಸಿಲಿಗೆ. ನಾಯಕ ನಟನ ಭಾವಮೈದುನನಾದರೂ ಸರಿಯೇ!

ಈ ಗೇಟಿನವನನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಿ. ನಾನು ಹೇಳಹೊರಟಿರುವುದು ಅವನ ಬಗ್ಗೆಯೇ. ಆದರೆ ನನ್ನ ಗೇಟಿನವನು ಒಂದು ಲಿನಕ್ಸ್ ಕಂಪ್ಯೂಟರಿನೊಳಗೆ ಕೂತಿದ್ದಾನೆ. ಅವನ ಹೆಸರು ಫೈರ್‌ವಾಲ್. ಅವನ ಮುಂದೆ ಹಾದುಹೋಗುವವರು ಸೆಕೆಂಡಿಗೆ ಸಾವಿರಾರು. ಅವನ ಕೈಯಲ್ಲಿರುವ ಪಟ್ಟಿ ದಿನಕ್ಕೊಮ್ಮೆ, ಕೆಲವೊಮ್ಮೆ ಗಂಟೆಗೊಮ್ಮೆ ಬದಲಾಗಬೇಕು. ಗೇಟು ಮುಚ್ಚುವಂತಿಲ್ಲ, ತೆರೆದು ಬಿಟ್ಟು ಹೋಗುವಂತೆಯೂ ಇಲ್ಲ. ಹಾಗಾದರೆ ಅವನ ಕೈಯಲ್ಲಿರುವ ಹಳೆಯ ಪಟ್ಟಿಯನ್ನು ತೆಗೆದು ಹೊಸದನ್ನು ಕೊಡುವುದು ಯಾವ ಕ್ಷಣದಲ್ಲಿ, ಯಾವ ರೀತಿಯಲ್ಲಿ?

ಸಂಪಾದಕರು ಮೊದಲು ಹಿಂಜರಿದರು. “ಇಂಥದ್ದನ್ನೆಲ್ಲ ಕನ್ನಡದಲ್ಲಿ ಯಾರು ಓದುತ್ತಾರೆ?” ಎಂದರು. ನಮ್ಮ ಸಂಘದ ಕುಟುಂಬಗಳಲ್ಲಿ ಗಿಂಡಿಯಲ್ಲೋ ಪೋರೂರಿನಲ್ಲೋ ಹಳೆಯ ಮಹಾಬಲಿಪುರಂ ರಸ್ತೆಯಲ್ಲೋ ಕುಳಿತು ಸರ್ವರ್ ನೋಡಿಕೊಳ್ಳುವ ಹುಡುಗ ಹುಡುಗಿಯರು ಎಷ್ಟು ಮಂದಿ ಇದ್ದಾರೆಂದು ಎಣಿಸಿ ತೋರಿಸಿದೆ. ಒಪ್ಪಿದರು. ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಆಡುವ ನಿಮಗೆ ಈ ಲೇಖನ ಓದುವಾಗ ಅಲ್ಲಲ್ಲಿ ನಾಲಿಗೆ ತೊಡರಿದರೆ ಬೇಸರಿಸಬೇಡಿ. ನನಗೂ ಬರೆಯುವಾಗ ತೊಡರಿದೆ.

ಮೊದಲು ವಿಳಾಸದ ಮಾತು. ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಐಪಿ ವಿಳಾಸ. ಹಳೆಯ ಪದ್ಧತಿಯ ವಿಳಾಸದಲ್ಲಿ ಚುಕ್ಕೆ ಇಟ್ಟು ಬರೆದ 4 ಸಂಖ್ಯೆಗಳು, ಒಂದೊಂದೂ 0ಯಿಂದ 255ರೊಳಗೆ. ಒಟ್ಟು ಸುಮಾರು 429 ಕೋಟಿ. ಉದಾಹರಣೆಗೆ 203.0.113.25. ಇದು ಯಾರ ಮನೆಯ ವಿಳಾಸವೂ ಅಲ್ಲ, ಹೆದರಬೇಡಿ. ಸಿನಿಮಾದಲ್ಲಿ ತೋರಿಸುವ ಕಾರಿನ ನಂಬರಿನ ಹಾಗೆ, ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಎತ್ತಿಟ್ಟ ಗುಂಪಿಗೆ ಸೇರಿದ್ದು. ಆ ಗುಂಪನ್ನು 203.0.113.0/24 ಎಂದು ಬರೆಯುತ್ತಾರೆ, ಅದರಲ್ಲಿ 256 ವಿಳಾಸಗಳಿವೆ. ಓರೆಗೆರೆಯ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು. /16 ಎಂದರೆ 65,536 ವಿಳಾಸಗಳು. /8 ಎಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು. /0 ಎಂದರೆ ಇಡೀ ಜಗತ್ತು. ಈ ಕೊನೆಯದನ್ನು ಮರೆಯಬೇಡಿ, ಮುಂದೆ ಅದರ ಕೆಲಸವಿದೆ.

ಪಟ್ಟಿ ಏಕೆ ಬೇಕು? ಒಂದು ಸರ್ವರನ್ನು ಅಂತರಜಾಲಕ್ಕೆ ಜೋಡಿಸಿ ನೋಡಿ. ದೂರದಿಂದ ಲಾಗಿನ್ ಆಗುವ 22ನೇ ಪೋರ್ಟ್ ತೆರೆದಿದ್ದರೆ, ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಯಾವುದೋ ಯಂತ್ರ ಬಂದು ಪಾಸ್‌ವರ್ಡ್ ಊಹಿಸಲು ಶುರು ಮಾಡಿರುತ್ತದೆ. ಇಂಥ ಪುಂಡ ವಿಳಾಸಗಳನ್ನು ಕಲೆಹಾಕಿ ಪಟ್ಟಿ ಪ್ರಕಟಿಸುವ ಸಂಸ್ಥೆಗಳಿವೆ, ಸ್ಪ್ಯಾಮ್‌ಹಾಸ್ ಅವುಗಳಲ್ಲಿ ಹೆಸರಾದದ್ದು. ನಿಮ್ಮದೇ ಸರ್ವರಿನ ಲಾಗ್ ಓದಿ ಪಟ್ಟಿ ಕಟ್ಟುವ ಫೇಲ್‌ಟುಬ್ಯಾನ್‌ನಂಥ ತಂತ್ರಾಂಶಗಳೂ ಇವೆ. ಇವತ್ತು ಪುಂಡನಾದ ವಿಳಾಸ ನಾಳೆ ಒಬ್ಬ ಸಜ್ಜನನ ಪಾಲಾಗಬಹುದು. ಆದ್ದರಿಂದಲೇ ಪಟ್ಟಿ ನಿಂತ ನೀರಾಗಬಾರದು.

ಈಗ ನನ್ನ ಮರ್ಯಾದೆ ಹೋದ ಕಥೆ. 2009ನೇ ಇಸವಿ. ವಡಪಳನಿ ಬಸ್ ಡಿಪೋದಿಂದ ನಡೆದು ಹೋಗುವಷ್ಟು ದೂರದ ಒಂದು ಚಿಕ್ಕ ಕಚೇರಿಯಲ್ಲಿ ನನಗೆ ಕೆಲಸ. ನಾವು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಬೆಂಗಳೂರಿನಲ್ಲಿ, ನಮ್ಮ ಗಿರಾಕಿಯೊಬ್ಬರ ಕಟ್ಟಡದಲ್ಲಿತ್ತು. ಬೆಳಿಗ್ಗೆ 6 ಗಂಟೆಗೆ ಅವರ ಶಾಖೆಗಳೆಲ್ಲ ಅದಕ್ಕೆ ಸಂಪರ್ಕ ಪಡೆದು ಹಿಂದಿನ ದಿನದ ಲೆಕ್ಕ ಕಳಿಸುತ್ತಿದ್ದವು. ನಾನು ರಾತ್ರಿ 1 ಗಂಟೆಗೆ, ಯಾರಿಗೂ ತೊಂದರೆಯಾಗದ ಹೊತ್ತು ಎಂದುಕೊಂಡು, ತಡೆಪಟ್ಟಿಯನ್ನು ಹೊಸದು ಮಾಡಲು ಕುಳಿತೆ. ಆಗ ಬಳಕೆಯಲ್ಲಿದ್ದದ್ದು ಐಪಿಟೇಬಲ್ಸ್. ಹಳೆಯ ನಿಯಮಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಆದೇಶ ಕೊಟ್ಟೆ. ಮುಂದಿನ ಆದೇಶ ಟೈಪ್ ಮಾಡಿದೆ. ಪರದೆಯ ಮೇಲೆ ಅಕ್ಷರ ಮೂಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

ಏನಾಗಿತ್ತು ಗೊತ್ತೇ? ನಿಯಮಗಳನ್ನು ಅಳಿಸುವ ಆದೇಶ ನಿಯಮಗಳನ್ನು ಮಾತ್ರ ಅಳಿಸುತ್ತದೆ. ಯಾವ ನಿಯಮಕ್ಕೂ ಸಿಗದ ಪ್ಯಾಕೆಟನ್ನು ಏನು ಮಾಡಬೇಕು ಎಂಬ ಮೂಲ ಧೋರಣೆಯನ್ನು ಅದು ಮುಟ್ಟುವುದಿಲ್ಲ. ಆ ಸರ್ವರಿನಲ್ಲಿ ಮೂಲ ಧೋರಣೆ “ಬಿಸಾಡು” ಎಂದಿತ್ತು. “ಈತ ನಮ್ಮವನು, ಬಿಡು” ಎಂದು ನನ್ನ ಬಗ್ಗೆ ಹೇಳುತ್ತಿದ್ದ ನಿಯಮವನ್ನೂ ನಾನೇ ಅಳಿಸಿದ್ದೆ. ಸ್ಟುಡಿಯೋ ಗೇಟಿನವನ ಕೈಯಿಂದ ಪಟ್ಟಿ ಕಿತ್ತುಕೊಂಡು ನಾನು ಹೊರಗೆ ಬಂದು ನಿಂತಿದ್ದೆ. ಈಗ ಅವನು ನನ್ನನ್ನೂ ಒಳಗೆ ಬಿಡುವುದಿಲ್ಲ. ಬಿಡಲು ಅವನ ಬಳಿ ಪಟ್ಟಿಯೇ ಇಲ್ಲ!

ಬೆಳಗಿನ ಬೃಂದಾವನ ಎಕ್ಸ್‌ಪ್ರೆಸ್ ಹಿಡಿದರೂ 6 ಗಂಟೆಗೆ ಬೆಂಗಳೂರು ಸೇರುವುದು ಆಗದ ಮಾತು. ಆ ಕಟ್ಟಡದಲ್ಲಿ ರಾತ್ರಿ ಇರುವವರೆಂದರೆ ವಾಚ್‌ಮನ್ ಒಬ್ಬರೇ. ಫೋನ್ ಮಾಡಿದೆ.

“ಯಾರು ಸಾಮಿ, ಇಷ್ಟೊತ್ನಾಗೆ?” ಮಂಡ್ಯದ ಕಡೆಯ ದನಿ.

“ಯಜಮಾನ್ರೇ, ಮದ್ರಾಸಿಂದ. ಎರಡನೇ ಮಹಡಿ ಕಂಪ್ಯೂಟರ್ ರೂಮಿನ ಬೀಗದ ಕೈ ನಿಮ್ಮತ್ರ ಇದೆಯಾ?”

“ಐತೆ. ಆದ್ರೆ ಅದ್ರೊಳ್ಗೆ ನಾವು ಕಾಲಿಡಂಗಿಲ್ಲ ಅಂದವ್ರೆ.”

ಅವರು ತಮ್ಮ ಸಾಹೇಬರನ್ನು ಎಬ್ಬಿಸಿ ಅನುಮತಿ ಕೇಳಿದರು. ಆ ಸಾಹೇಬರು ನನಗೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ವಾಚ್‌ಮನ್ ಬಾಗಿಲು ತೆಗೆದರು. “ಮೇಲಿಂದ ಮೂರನೇದು, ಕರೀ ಡಬ್ಬ. ಎಡಗಡೆ ಒಂದು ಗುಂಡಿ. ಅದನ್ನ ಒತ್ತಿ ಹಿಡಕೊಳ್ಳಿ, ದೀಪ ಆರೋ ತನಕ ಬಿಡಬೇಡಿ” ಎಂದೆ. “ಇದ್ಕೆ ಕಾಲ್ ಪಾಲ್ ಹೊಡಿಯಾಕಿಲ್ವಾ?” ಎಂದು ಕೇಳಿ, ಒತ್ತಿದರು. ಮತ್ತೆ ಒತ್ತಿ ಚಾಲೂ ಮಾಡಿದರು. ಡಿಸ್ಕ್ ಪರೀಕ್ಷೆ ಮುಗಿದು ಸರ್ವರ್ ಎದ್ದು ಕೂರುವಷ್ಟರಲ್ಲಿ 3 ಗಂಟೆ. ನನ್ನ ಕನ್ನಡ ಅಷ್ಟೊಂದು ಉಪಯೋಗಕ್ಕೆ ಬಂದ ರಾತ್ರಿ ಇನ್ನೊಂದಿಲ್ಲ.

ವಿದ್ಯುತ್ ತೆಗೆದು ಹಾಕಿದ ಮಾತ್ರಕ್ಕೆ ಸರಿಹೋದದ್ದು ಹೇಗೆ? ಫೈರ್‌ವಾಲ್‌ನ ನಿಯಮಗಳು ಇರುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ನೆನಪಿನಲ್ಲಿ. ಯಂತ್ರ ನಿಂತರೆ ಆ ನೆನಪೂ ಹೋಯಿತು. ಮತ್ತೆ ಎದ್ದಾಗ ಡಿಸ್ಕಿನಲ್ಲಿ ಬರೆದಿಟ್ಟಿದ್ದ ಹಳೆಯ ನಿಯಮಗಳನ್ನು ಓದಿಕೊಂಡಿತು. ನನ್ನ ತಪ್ಪು ಡಿಸ್ಕಿಗೆ ಹೋಗಿರಲಿಲ್ಲ. ಅದೇ ನನ್ನ ಪುಣ್ಯ.

ಮೂಲ ಧೋರಣೆ “ಒಳಗೆ ಬಿಡು” ಎಂದಿದ್ದರೆ? ಆಗ ನಾನು ಹೊರಗೆ ಉಳಿಯುತ್ತಿರಲಿಲ್ಲ, ಆದರೆ ಹೊಸ ಪಟ್ಟಿ ತುಂಬುವವರೆಗೆ ಎಲ್ಲರಿಗೂ ಗೇಟು ತೆರೆದಿರುತ್ತಿತ್ತು. “ಒಂದೆರಡು ಸೆಕೆಂಡ್ ತಾನೇ” ಎನ್ನಬೇಡಿ. ಹಳೆಯ ಐಪಿಟೇಬಲ್ಸ್‌ಗೆ ಒಂದೊಂದು ವಿಳಾಸಕ್ಕೆ ಒಂದೊಂದು ಆದೇಶ ಕೊಟ್ಟರೆ, ಅದು ಪ್ರತಿ ಸಲವೂ ಇಡೀ ಕೋಷ್ಟಕವನ್ನು ಕರ್ನಲ್‌ನಿಂದ ಹೊರಕ್ಕೆ ತಂದು, ಒಂದು ಸಾಲು ಸೇರಿಸಿ, ಇಡಿಯಾಗಿ ಮತ್ತೆ ಒಳಕ್ಕೆ ಹಾಕುತ್ತಿತ್ತು. ಪಟ್ಟಿ ಬೆಳೆದಂತೆ ಒಂದೊಂದು ಸಾಲಿಗೂ ಹಿಡಿಯುವ ಹೊತ್ತು ಬೆಳೆಯುತ್ತದೆ. ಸಾವಿರಾರು ವಿಳಾಸಗಳಿದ್ದರೆ ನಿಮಿಷಗಳೇ ಹಿಡಿಯುತ್ತವೆ. ಅಷ್ಟು ಹೊತ್ತು ಗೇಟಿನವನ ಕೈಯಲ್ಲಿ ಅರ್ಧ ಬರೆದ ಪಟ್ಟಿ.

ಆದ್ದರಿಂದ ಗೇಟಿನವನ ಕೈಯಲ್ಲಿರುವ ಪಟ್ಟಿಯ ಮೇಲೆ ಎಂದೂ ಬರೆಯಕೂಡದು. ಹೊಸ ಪಟ್ಟಿಯನ್ನು ಪಕ್ಕದಲ್ಲಿ ಪೂರ್ತಿ ಸಿದ್ಧಮಾಡಬೇಕು, ಪರೀಕ್ಷಿಸಬೇಕು, ಆಮೇಲೆ ಹಳೆಯದನ್ನೂ ಹೊಸದನ್ನೂ ಒಂದೇ ಕ್ಷಣದಲ್ಲಿ ಅದಲುಬದಲು ಮಾಡಬೇಕು. ಹಾದುಹೋಗುವ ಪ್ಯಾಕೆಟ್ ಒಂದೋ ಹಳೆಯ ಪಟ್ಟಿಯನ್ನು ಕಾಣಬೇಕು, ಇಲ್ಲವೇ ಹೊಸದನ್ನು. ನಡುವಿನ ಸ್ಥಿತಿ ಯಾವ ಪ್ಯಾಕೆಟ್ಟಿನ ಕಣ್ಣಿಗೂ ಬೀಳಬಾರದು.

ಲಿನಕ್ಸ್‌ನಲ್ಲಿ ಇದಕ್ಕೆ ದಾರಿಗಳಿವೆ. ದಾರಿಗಳು ಬಂದ ಕ್ರಮದಲ್ಲೇ ಹೇಳುತ್ತೇನೆ. 1990ರ ದಶಕದ ನಡುವಿನಲ್ಲಿ ಐಪಿಎಫ್‌ಡಬ್ಲ್ಯೂಆಡ್ಮ್, 1999ರಲ್ಲಿ ಕರ್ನಲ್ 2.2ರೊಂದಿಗೆ ಐಪಿಚೈನ್ಸ್, 2001ರಲ್ಲಿ ಕರ್ನಲ್ 2.4ರೊಂದಿಗೆ ಐಪಿಟೇಬಲ್ಸ್. ಕೊನೆಯ ಎರಡರ ಹಿಂದೆಯೂ ಇದ್ದವರು ಆಸ್ಟ್ರೇಲಿಯಾದ ರಸ್ಟಿ ರಸೆಲ್. 2014ರಲ್ಲಿ ಕರ್ನಲ್ 3.13ರೊಂದಿಗೆ ಎನ್‌ಎಫ್‌ಟೇಬಲ್ಸ್ ಬಂತು. ಇಂದು ನೀವು ಹೊಸದಾಗಿ ಕಲಿಯುವುದಾದರೆ ಇದನ್ನೇ ಕಲಿಯಿರಿ.

ಐಪಿಟೇಬಲ್ಸ್ ಜೊತೆಗೇ ಬರುವ ‘ಐಪಿಟೇಬಲ್ಸ್-ರಿಸ್ಟೋರ್’ ಎಂಬ ಸಾಧನ ಇಡೀ ಕಡತವನ್ನು ಓದಿ, ಒಂದು ಕೋಷ್ಟಕವನ್ನು ಒಂದೇ ಏಟಿಗೆ ಕರ್ನಲ್‌ಗೆ ಒಪ್ಪಿಸುತ್ತದೆ. ಕಡತದಲ್ಲಿ ತಪ್ಪಿದ್ದರೆ ಆ ಕೋಷ್ಟಕ ಹಳೆಯ ಸ್ಥಿತಿಯಲ್ಲೇ ಉಳಿಯುತ್ತದೆ. 2009ರಲ್ಲೂ ಇದು ಇತ್ತು, ನಾನು ಬಳಸಲಿಲ್ಲ ಅಷ್ಟೇ. ಆದರೆ ಇದರಲ್ಲಿ ಇನ್ನೊಂದು ಕೊರತೆ ಉಳಿಯುತ್ತದೆ. ಪಟ್ಟಿಯ ಒಂದೊಂದು ವಿಳಾಸವೂ ಒಂದೊಂದು ನಿಯಮ. ಪ್ರತಿ ಪ್ಯಾಕೆಟ್ಟೂ ಮೇಲಿನಿಂದ ಕೆಳಗೆ ಸಾಲಾಗಿ ಎಲ್ಲವನ್ನೂ ದಾಟಬೇಕು. ಪಟ್ಟಿಯಲ್ಲಿ 20,000 ಹೆಸರಿದ್ದರೆ, ಪಟ್ಟಿಯಲ್ಲಿಲ್ಲದ ಸಜ್ಜನನೇ ಅತಿ ಹೆಚ್ಚು ಕಾಯಬೇಕು. ನ್ಯಾಯವೇ ಇದು?

ಹಂಗೇರಿಯ ಜೋಝೆಫ್ ಕಾಡ್ಲೆಚಿಕ್ ಅವರು ಬೆಳೆಸಿದ ‘ಐಪಿಸೆಟ್’ ಈ ಕೊರತೆಯನ್ನು ನೀಗಿತು. 2011ರಲ್ಲಿ ಅದು ಕರ್ನಲ್‌ನ ಅಧಿಕೃತ ಭಾಗವಾಯಿತು. ಇಲ್ಲಿ ನಿಯಮ ಒಂದೇ: “ಈ ಸೆಟ್‌ನಲ್ಲಿರುವವರನ್ನು ತಡೆ.” ಸೆಟ್ ಎಂದರೆ ವಿಳಾಸಗಳನ್ನು ತುಂಬಿದ ಬೀರು. ಅದರಲ್ಲಿ ಹುಡುಕುವುದು ಸಾಲಾಗಿ ಅಲ್ಲ. ವಿಳಾಸದಿಂದಲೇ ಲೆಕ್ಕ ಹಾಕಿ ನೇರವಾಗಿ ಸರಿಯಾದ ಖಾನೆಗೆ ಕೈ ಹಾಕುವ ಹ್ಯಾಶ್ ವಿಧಾನ. ಸಾವಿರವಿದ್ದರೂ ಲಕ್ಷವಿದ್ದರೂ ಹುಡುಕಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಪಟ್ಟಿ ಬದಲಿಸುವಾಗ ಅದೇ ಬಗೆಯ ಎರಡನೆಯ ಸೆಟ್ ಕಟ್ಟಿ, ಹೊಸ ವಿಳಾಸಗಳನ್ನೆಲ್ಲ ಅದರಲ್ಲಿ ತುಂಬಿ, ‘ಸ್ವಾಪ್’ ಎಂಬ ಒಂದು ಆದೇಶದಿಂದ ಎರಡನ್ನೂ ಅದಲುಬದಲು ಮಾಡಿ, ಹಳೆಯದನ್ನು ಎಸೆದುಬಿಡುವುದು. ನಿಯಮವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಎಚ್ಚರವಿರಲಿ: ನೀವು ಬೇರೆ ಹೇಳದಿದ್ದರೆ ಹ್ಯಾಶ್ ಸೆಟ್‌ನಲ್ಲಿ 65,536ಕ್ಕಿಂತ ಹೆಚ್ಚು ನಮೂದುಗಳು ಹಿಡಿಯುವುದಿಲ್ಲ. ನಿನ್ನೆ ಸರಿಯಾಗಿದ್ದ ಸ್ಕ್ರಿಪ್ಟ್ ಪಟ್ಟಿ ಉದ್ದವಾದ ದಿನ ಅರ್ಧದಲ್ಲಿ ಮುಗ್ಗರಿಸುತ್ತದೆ. ದೋಷದ ಸಂದೇಶವನ್ನು ಯಾರೂ ಓದದಿದ್ದರೆ ಅರ್ಧ ಪಟ್ಟಿಯೇ ಗದ್ದುಗೆ ಏರುತ್ತದೆ. ಸೆಟ್ ಕಟ್ಟುವಾಗಲೇ ಗರಿಷ್ಠ ಸಂಖ್ಯೆಯನ್ನು ಧಾರಾಳವಾಗಿ ಕೊಡಿ. ತುಂಬುವ ಹೆಜ್ಜೆ ಸೋತರೆ ಸ್ವಾಪ್ ಆಗದಂತೆ ಸ್ಕ್ರಿಪ್ಟ್ ಬರೆಯಿರಿ.

ಎನ್‌ಎಫ್‌ಟೇಬಲ್ಸ್‌ನಲ್ಲಿ ಸೆಟ್ ಹುಟ್ಟಿನಿಂದಲೇ ಇದೆ. ಕಡತವೊಂದನ್ನು ಅದಕ್ಕೆ ಓದಿಸಿದರೆ ಆ ಕಡತದಲ್ಲಿರುವುದೆಲ್ಲ ಒಂದೇ ವ್ಯವಹಾರ. ಬ್ಯಾಂಕಿನಲ್ಲಿ ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವ ಹಾಗೆ, ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಕಡತದ ಮೊದಲ ಸಾಲಿನಲ್ಲಿ “ಸೆಟ್ ಖಾಲಿ ಮಾಡು”, ಎರಡನೆಯದರಲ್ಲಿ “ಇವನ್ನು ತುಂಬು” ಎಂದು ಬರೆದರೂ, ಖಾಲಿ ಸೆಟ್ ಯಾವ ಪ್ಯಾಕೆಟ್ಟಿಗೂ ಕಾಣುವುದಿಲ್ಲ. ಜಾರಿಗೆ ತರದೆ ಬರಿದೇ ಪರೀಕ್ಷಿಸುವ ಸೌಲಭ್ಯವೂ ಉಂಟು, ಮೊದಲು ಅದನ್ನು ಓಡಿಸಿ. ಒಂದರ ಮೇಲೊಂದು ಹೊದ್ದುಕೊಂಡ ಗುಂಪುಗಳು ಪಟ್ಟಿಯಲ್ಲಿದ್ದರೆ (ಒಂದು /16, ಅದರೊಳಗಿನದೇ ಒಂದು /24) ಅದು ತಕರಾರು ತೆಗೆಯುತ್ತದೆ. ಸೆಟ್ ಕಟ್ಟುವಾಗ ತಾನಾಗಿ ಕೂಡಿಸಿಕೊಳ್ಳುವಂತೆ ಹೇಳಿದರೆ ಆ ರಗಳೆ ಇಲ್ಲ. ಒಂದು ಬುದ್ಧಿಮಾತು: ಕಡತದ ತಲೆಯಲ್ಲಿ “ಎಲ್ಲ ನಿಯಮಗಳನ್ನೂ ಅಳಿಸು” ಎಂದು ಬರೆಯುವುದು ಹಲವರಿಗೆ ರೂಢಿ. ಡಾಕರ್, ಫೇಲ್‌ಟುಬ್ಯಾನ್ ಮುಂತಾದವು ಇಟ್ಟ ನಿಯಮಗಳೂ ಅದರೊಂದಿಗೆ ಹೋಗುತ್ತವೆ. ನಿಮ್ಮ ಸೆಟ್ಟನ್ನು ಮಾತ್ರ ಮುಟ್ಟಿ, ಪಕ್ಕದ ಮನೆಯವರ ಬೀರುವಿಗೆ ಕೈ ಹಾಕಬೇಡಿ.

ಬದಲಿಸುವ ಕಲೆ ಇಷ್ಟು. ಆದರೆ ಹೆಚ್ಚಿನ ಅನಾಹುತ ಆಗುವುದು ಬದಲಿಸುವುದರಲ್ಲಲ್ಲ, ಬಂದ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬುವುದರಲ್ಲಿ. ಪಟ್ಟಿ ಕೊಡುವ ಜಾಲತಾಣ ಕೆಟ್ಟಿದ್ದರೆ ನಿಮಗೆ ಸಿಗುವುದು ಖಾಲಿ ಕಡತ, ಅಥವಾ “ಕ್ಷಮಿಸಿ, ಆಮೇಲೆ ಬನ್ನಿ” ಎಂಬ ಪುಟ. ಅದನ್ನೇ ಪಟ್ಟಿಯೆಂದು ಏರಿಸಿದರೆ ಗೇಟು ಹಾರು ಹೊಡೆದಂತೆ. ಅದರಲ್ಲಿ ಎಲ್ಲೋ ಒಂದು 0.0.0.0/0 ನುಸುಳಿತೋ, ಇಡೀ ಜಗತ್ತಿಗೆ ಬಾಗಿಲು ಬಂದ್. ನಾನು ಮಾಡುವುದು ಹೀಗೆ: ಪ್ರತಿ ಸಾಲೂ ವಿಳಾಸದ ರೂಪದಲ್ಲಿದೆಯೇ ನೋಡುತ್ತೇನೆ. /8ಕ್ಕಿಂತ ದೊಡ್ಡ ಗುಂಪನ್ನು ತಿರಸ್ಕರಿಸುತ್ತೇನೆ. ಇವತ್ತಿನ ಸಾಲುಗಳ ಸಂಖ್ಯೆ ನಿನ್ನೆಯ ಅರ್ಧಕ್ಕಿಂತ ಕಡಿಮೆಯಿದ್ದರೆ ಅಥವಾ ಎರಡರಷ್ಟಿದ್ದರೆ ಸ್ಕ್ರಿಪ್ಟ್ ನಿಂತು ನನ್ನನ್ನು ಕರೆಯುತ್ತದೆ. ನಿನ್ನೆಯ ಪಟ್ಟಿ ಒಂದು ದಿನ ಹಳೆಯದಾದರೆ ಯಾರೂ ಸಾಯುವುದಿಲ್ಲ.

ಕೆಲವು ಪಟ್ಟಿಗಳಲ್ಲಿ 10.0.0.0/8, 172.16.0.0/12, 192.168.0.0/16 ಎಂಬ ಖಾಸಗಿ ಗುಂಪುಗಳೂ ಸೇರಿರುತ್ತವೆ, ಹೊರಗಿನಿಂದ ಅವು ಬರಬಾರದು ಎಂಬ ಲೆಕ್ಕದಲ್ಲಿ. ಸರಿಯೇ. ಆದರೆ ನಿಮ್ಮ ಆಫೀಸಿನ ಒಳಗಿನ ಯಂತ್ರಗಳ ವಿಳಾಸವೂ ಅದರಲ್ಲೇ ಇರುತ್ತದಲ್ಲ! ಹೊರಬಾಗಿಲಿಗೆ ಮಾತ್ರ ಅನ್ವಯವಾಗುವಂತೆ ಬರೆಯದಿದ್ದರೆ ನಿಮ್ಮ ಮನೆಯವರೇ ಅಂಗಳದಲ್ಲಿ ನಿಲ್ಲುತ್ತಾರೆ.

ಹಳತಾದ ಪಟ್ಟಿ ಮಾಡುವ ಅನ್ಯಾಯಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. ಯಾರಿಗೂ ಹಂಚದ ವಿಳಾಸಗಳಿಂದ ಬರುವುದೆಲ್ಲ ಮೋಸ ಎಂದು ಹಿಂದೆ ಅನೇಕರು ಅವನ್ನು ಫೈರ್‌ವಾಲ್‌ನಲ್ಲಿ ತಡೆದಿದ್ದರು. 2002ರಲ್ಲಿ 69ರಿಂದ ಆರಂಭವಾಗುವ ವಿಳಾಸಗಳನ್ನು ಉತ್ತರ ಅಮೆರಿಕಕ್ಕೆ ಹಂಚಲು ಕೊಟ್ಟರು. ಅವನ್ನು ಪಡೆದ ಪಾಪದ ಗಿರಾಕಿಗಳಿಗೆ ಎಷ್ಟೋ ಜಾಲತಾಣಗಳು ತೆರೆದುಕೊಳ್ಳಲೇ ಇಲ್ಲ. ಎಲ್ಲೆಲ್ಲೋ ಯಾರೋ ಒಮ್ಮೆ ಬರೆದು ಮರೆತ ಪಟ್ಟಿಗಳು ಅವರನ್ನು ತಡೆಯುತ್ತಿದ್ದವು. 2010ರ ಜನವರಿಯಲ್ಲಿ 1ರಿಂದ ಆರಂಭವಾಗುವ ವಿಳಾಸಗಳನ್ನು ನಮ್ಮ ಏಷ್ಯಾ-ಪೆಸಿಫಿಕ್ ವಲಯಕ್ಕೆ ಕೊಟ್ಟಾಗಲೂ ಇದೇ ಆತಂಕ. 2011ರ ಫೆಬ್ರವರಿ 3ರಂದು ಹಳೆಯ ಪದ್ಧತಿಯ ವಿಳಾಸಗಳ ಕೇಂದ್ರ ದಾಸ್ತಾನೇ ಮುಗಿದುಹೋಯಿತು. ಆಮೇಲೂ ಆ ಹಳೆಯ ತಡೆಪಟ್ಟಿಯನ್ನು ಇಟ್ಟುಕೊಂಡವರು ತಡೆಯುತ್ತಿದ್ದದ್ದು ಮೋಸಗಾರರನ್ನಲ್ಲ, ಹೊಸದಾಗಿ ಸಂಪರ್ಕ ಪಡೆದ ಜನಸಾಮಾನ್ಯರನ್ನು.

ವಿಳಾಸ ಸಾಲದೆ ಬಂದದ್ದರಿಂದ ಇನ್ನೊಂದು ಫಲ. ನಿಮ್ಮ ಮೊಬೈಲಿಗೆ ಹಳೆಯ ಪದ್ಧತಿಯಲ್ಲಿ ಸ್ವಂತ ವಿಳಾಸ ಇರುವುದು ಅಪರೂಪ. ಹೊರಗಿನ ಒಂದೇ ವಿಳಾಸದ ಹಿಂದೆ ನೂರಾರು ಗಿರಾಕಿಗಳನ್ನು ಕಂಪನಿಗಳು ಕೂರಿಸುತ್ತವೆ. ಅವರಲ್ಲೊಬ್ಬನ ಫೋನ್ ಸೋಂಕು ತಗುಲಿ ನಿಮ್ಮ ಸರ್ವರಿಗೆ ಕಲ್ಲು ಹೊಡೆದರೆ, ನೀವು ಆ ವಿಳಾಸವನ್ನು ತಡೆಯುತ್ತೀರಿ. ಜೊತೆಗೆ ವಡಪಳನಿ ಮೆಟ್ರೋದಲ್ಲಿ ಕುಳಿತು ಪರೀಕ್ಷೆಯ ಫಲಿತಾಂಶ ನೋಡುತ್ತಿರುವ ಹುಡುಗಿಯನ್ನೂ ತಡೆಯುತ್ತೀರಿ. ಅವಳಿಗೆ ಕಾರಣ ತಿಳಿಯುವುದಿಲ್ಲ, ನಿಮಗೆ ದೂರು ಬರುವುದಿಲ್ಲ. ಹೀಗಾಗಿ ಇಂಥ ವಿಳಾಸಗಳಿಗೆ ಅವಧಿ ಕಟ್ಟಿ. ಐಪಿಸೆಟ್‌ನಲ್ಲೂ ಎನ್‌ಎಫ್‌ಟೇಬಲ್ಸ್‌ನಲ್ಲೂ “ಒಂದು ಗಂಟೆಯಾದ ಮೇಲೆ ತಾನಾಗಿ ಬಿದ್ದುಹೋಗು” ಎಂದು ಹೇಳಿ ಸೇರಿಸಬಹುದು. ಗೇಟಿನವನು ಆಮೇಲೆ ತಾನೇ ಗೀಟು ಹಾಕುತ್ತಾನೆ.

ಹೊಸ ಪದ್ಧತಿಯ, ಅಂದರೆ ಐಪಿ ಆರನೇ ಆವೃತ್ತಿಯ ವಿಳಾಸಗಳಿಗೆ ಬೇರೆಯೇ ಸೆಟ್ ಬೇಕು. ಅಲ್ಲಿ ಒಂದು ಮನೆಗೇ ಕನಿಷ್ಠ ಒಂದು /64 ಸಿಗುವುದರಿಂದ, ಒಂದು ವಿಳಾಸ ತಡೆದರೆ ಪುಂಡ ಮುಂದಿನದಕ್ಕೆ ಹಾರುತ್ತಾನೆ. /64ನ್ನೇ ತಡೆಯಬೇಕು. ಇದನ್ನು ಮರೆತು ಹಳೆಯ ಪದ್ಧತಿಗಷ್ಟೇ ಪಟ್ಟಿ ಬರೆದವರು ಮುಂಬಾಗಿಲಿಗೆ ಏಳು ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟವರು.

“ಪಟ್ಟಿಗೆ ಸೇರಿಸಿದೆ, ಆದರೂ ಅವನು ಒಳಗೇ ಇದ್ದಾನೆ!” ಎಂದು ಕಿರಿಯ ಸಹೋದ್ಯೋಗಿಗಳು ನನ್ನ ಬಳಿ ಓಡಿ ಬರುತ್ತಾರೆ. ನಿಮಗೂ ಆಗುತ್ತದೆ. ಹೆಚ್ಚಿನ ಫೈರ್‌ವಾಲ್‌ಗಳ ಮೊದಲ ನಿಯಮವೇ “ಈಗಾಗಲೇ ಮಾತು ನಡೆಸುತ್ತಿರುವವರನ್ನು ಬಿಡು” ಎಂದು. ಕರ್ನಲ್ ಪ್ರತಿ ಸಂಪರ್ಕದ ದಾಖಲೆ ಇಟ್ಟಿರುತ್ತದೆ. ನೀವು ಪಟ್ಟಿ ಬದಲಿಸುವ ಮೊದಲೇ ಒಳಗೆ ಬಂದವನು ಆ ದಾಖಲೆಯ ಬಲದಿಂದ ಕೂತಿರುತ್ತಾನೆ. ಅವನು ಪಟ್ಟಿಯ ಮುಂದೆ ಬರುವುದೇ ಇಲ್ಲ. ‘ಕಾನ್‌ಟ್ರ್ಯಾಕ್’ ಸಾಧನದಿಂದ ಆ ವಿಳಾಸದ ದಾಖಲೆ ಅಳಿಸಿ, ಅಥವಾ ತಡೆಯುವ ನಿಯಮವನ್ನು ಎಲ್ಲಕ್ಕಿಂತ ಮೇಲಿಡಿ.

ದೂರದ ಯಂತ್ರವಾದರೆ, ಕೈ ಹಾಕುವ ಮೊದಲು ಮರಳುವ ದಾರಿ ಕಟ್ಟಿ. ನಿಮ್ಮ ವಿಳಾಸವನ್ನು ಎಲ್ಲಕ್ಕಿಂತ ಮೊದಲು ಬಿಡುವ ನಿಯಮವಿರಲಿ. ಐದು ನಿಮಿಷದ ನಂತರ ಹಳೆಯ ನಿಯಮಗಳನ್ನು ತಾನಾಗಿ ಹಾಕುವ ಕೆಲಸವೊಂದನ್ನು ಯಂತ್ರಕ್ಕೆ ಮೊದಲೇ ಒಪ್ಪಿಸಿ. ಎಲ್ಲ ಸರಿಯಿದ್ದರೆ ಆ ಕೆಲಸವನ್ನು ರದ್ದು ಮಾಡಿ, ನೀವು ಹೊರಗೆ ಬಿದ್ದಿದ್ದರೆ ಕಾಯಿರಿ. ಡೆಬಿಯನ್‌ನಲ್ಲಿ ‘ಐಪಿಟೇಬಲ್ಸ್-ಅಪ್ಲೈ’ ಇದನ್ನೇ ಮಾಡುತ್ತದೆ. ನಿಯಮ ಹಾಕಿ “ಇನ್ನೂ ಇದ್ದೀಯಾ?” ಎಂದು ಕೇಳುತ್ತದೆ, ನೀವು ಉತ್ತರ ಕೊಡದಿದ್ದರೆ ಹಳೆಯದಕ್ಕೆ ಮರಳುತ್ತದೆ. ಇದು ಗೊತ್ತಿದ್ದಿದ್ದರೆ ಆ ಮಂಡ್ಯದ ಯಜಮಾನರು ನಿದ್ದೆ ಮಾಡುತ್ತಿದ್ದರು.

ಇನ್ನು ಡಿಸ್ಕಿನ ಮಾತು ಬಾಕಿಯಿದೆ. 2009ರಲ್ಲಿ ನನ್ನನ್ನು ಉಳಿಸಿದ ಗುಣವೇ 2016ರಲ್ಲಿ ನನಗೆ ತಿರುಗಿಬಿತ್ತು. ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದದ್ದು ನಿಮಗೂ ನೆನಪಿರಬೇಕು. ಮರಗಳು ಬಿದ್ದವು, ವಿದ್ಯುತ್ ಹೋಯಿತು, ಬ್ಯಾಟರಿ ತೀರಿತು, ನಮ್ಮ ಕಚೇರಿಯ ಫೈರ್‌ವಾಲ್ ಯಂತ್ರವೂ ನಿಂತಿತು. ಕರೆಂಟ್ ಬಂದಾಗ ಎಲ್ಲವೂ ಎದ್ದವು, ಅಂತರಜಾಲ ನಡೆಯಿತು, ಎಲ್ಲರೂ ಉಸ್ಸಪ್ಪ ಎಂದರು. ನಾಲ್ಕು ದಿನಗಳ ಮೇಲೆ ಲಾಗ್ ತೆಗೆದು ನೋಡಿದರೆ ಊರಿನ ಪುಂಡರೆಲ್ಲ ಬಾಗಿಲು ಬಡಿದು ಹೋಗಿದ್ದಾರೆ! ಐಪಿಸೆಟ್‌ನ ಸೆಟ್ ನೆನಪಿನಲ್ಲಷ್ಟೇ ಇತ್ತು, ಡಿಸ್ಕಿಗೆ ಬರೆದಿರಲಿಲ್ಲ. ಯಂತ್ರ ಎದ್ದಾಗ ಬರೆದಿಟ್ಟ ನಿಯಮಗಳನ್ನು ಓದಿತು. ಅದರಲ್ಲಿ “ಈ ಸೆಟ್‌ನವರನ್ನು ತಡೆ” ಎಂದಿತ್ತು, ಸೆಟ್ ಇಲ್ಲ. ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂದೆನಲ್ಲ, ಆ ತತ್ವದಂತೆ ಒಂದು ನಿಯಮವೂ ಏರಲಿಲ್ಲ. ಮೂಲ ಧೋರಣೆ “ಒಳಗೆ ಬಿಡು”. ಗೇಟಿನಲ್ಲಿ ಗೇಟಿನವನೇ ಇರಲಿಲ್ಲ. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿ ಕಡತ ಇದ್ದವರಿಗಷ್ಟೇ ಪ್ರವೇಶ ಕೊಟ್ಟಿದ್ದರಿಂದ ಯಾರೂ ಒಳಗೆ ಬರಲಾಗಲಿಲ್ಲ. ಅಂದಿನಿಂದ ಹೊಸ ಪಟ್ಟಿ ಏರಿಸಿದ ಕೂಡಲೇ ಡಿಸ್ಕಿಗೂ ಬರೆಯುತ್ತೇನೆ, ಸೆಟ್ ಮೊದಲು, ನಿಯಮ ಆಮೇಲೆ. ವರ್ಷಕ್ಕೆರಡು ಸಲ, ಮಳೆಗಾಲ ಕಾಯದೆ, ನಾನೇ ಯಂತ್ರ ನಿಲ್ಲಿಸಿ ಎಬ್ಬಿಸಿ ನೋಡುತ್ತೇನೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ಸೆಟ್ಟೂ ನಿಯಮವೂ ಒಂದೇ ಕಡತದಲ್ಲಿ ಕೂರುವುದರಿಂದ ಈ ಫಜೀತಿ ಬಹಳ ಮಟ್ಟಿಗೆ ತಪ್ಪಿತು.

ಪಟ್ಟಿ ಬದಲಿಸಿದ ದಿನ, ಹೊತ್ತು, ಎಷ್ಟು ಸಾಲು ಬಂತು, ಎಷ್ಟು ಹೋಯಿತು ಎಂಬುದನ್ನು ಬರೆದಿಡಿ. ನಮ್ಮ ದೇಶದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು. ನಿರ್ದಿಷ್ಟ ಬಗೆಯ ದಾಳಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯೊಳಗೆ ಹಳೆಯದನ್ನೆಲ್ಲ ನೆನಪು ಮಾಡಿಕೊಳ್ಳಲು ನನ್ನ ವಯಸ್ಸಿನಲ್ಲಿ ಆಗದು, ನಿಮ್ಮ ವಯಸ್ಸಿನಲ್ಲೂ ಕಷ್ಟವೇ.

ಇಷ್ಟು ಓದಿದವರಿಗೆ ಒಂದು ಆಹ್ವಾನ. ಮುಂದಿನ ತಿಂಗಳ ಸಂಘದ ಸಭೆ ಮುಗಿದು ಉಪ್ಪಿಟ್ಟು ಕಾಫಿ ಆದ ಮೇಲೆ ನನ್ನ ಹಳೆಯ ಲಿನಕ್ಸ್ ಯಂತ್ರವೊಂದನ್ನು ಅಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ತನ್ನಿ. ಪಟ್ಟಿ ಏರಿಸಿ, ಇಳಿಸಿ, ಬೇಕಾದರೆ ನಿಮ್ಮನ್ನು ನೀವೇ ಹೊರಗೆ ಹಾಕಿಕೊಳ್ಳಿ. ಕೀಬೋರ್ಡು, ಮಾನಿಟರು ಜೊತೆಗೇ ಇರುತ್ತವೆ. ಮಂಡ್ಯದ ಯಜಮಾನರಿಗೆ ಫೋನ್ ಮಾಡಬೇಕಾಗುವುದಿಲ್ಲ.